ಕೆರೆ ಎಂದು ಹೋಗಿದ್ದು ದನದ ಕಟ್ಟೆಗೆ: ಪುಕ್ಕಟೆ ಕ್ಯಾಂಪಿಂಗಿಗೆ ಹೊರಟವರು ಓದಿಕೊಳ್ಳಿ

ಜೂನ್ ಬಂತೆಂದರೆ ಅಮೆರಿಕಾದ ಅರಿಝೋನಾದಲ್ಲಿ, ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್ ಕಡೆಯ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ಮೇಲೆ ತಂಪಿನಲ್ಲಿ, ಕೆರೆಯ ಹತ್ತಿರ, ದುಡ್ಡು ಕೊಡದೆ ಟೆಂಟ್ ಹಾಕಲು ಜಾಗ ಎಲ್ಲಿದೆ? ಯಾರೋ ಒಬ್ಬರು ನಕ್ಷೆಯ ಪಿನ್ ಕಳಿಸುತ್ತಾರೆ. ಹತ್ತು ಹೆಬ್ಬೆರಳು ಏಳುತ್ತವೆ. ಕಳೆದ ಜುಲೈಯಲ್ಲಿ ಹಾಗೆ ಬಂದ ಪಿನ್ ಒಂದನ್ನು ನಂಬಿ ಹೋದವನು ನಾನು. ದಂಡ ಕಟ್ಟಿದ್ದೇನೆ, ಕಾರು ಎಳೆಸಿದ್ದೇನೆ, ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಈ ಮೂರರಲ್ಲಿ ಮೊದಲಿನ ಎರಡನ್ನಾದರೂ ನೀವು ತಪ್ಪಿಸಿಕೊಳ್ಳಬಹುದು.

ಹೊರಟವರು ಎರಡು ಕಾರಿನಲ್ಲಿ ಏಳು ಜನ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ; ಗೆಳೆಯ, ಅವನ ಹೆಂಡತಿ, ಐದು ವರ್ಷದ ಮಗಳು; ಜೊತೆಗೆ ಹಾವೇರಿಯಿಂದ ಬಂದಿದ್ದ ಗೆಳೆಯನ ತಾಯಿ. ಅವರನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತೇವೆ. ಹೊರಟಿದ್ದು ಮೊಗೊಲ್ಲೋನ್ ರಿಮ್ ಎಂಬ ಪ್ರಸ್ಥಭೂಮಿಯ ಅಂಚಿನ ಕಡೆಗೆ. ಬರೆಯುವುದು ಹೀಗಾದರೂ ಅಲ್ಲಿಯವರು ‘ಮಗಿಯೋನ್’ ಎನ್ನುತ್ತಾರೆ. ಪೇಸನ್ ದಾಟಿ 260ನೇ ಹೆದ್ದಾರಿಯಲ್ಲಿ ಘಾಟಿ ಹತ್ತಿದರೆ ಸುಮಾರು ಏಳೂವರೆ ಸಾವಿರ ಅಡಿ ಎತ್ತರ, ಎಲ್ಲಿ ನೋಡಿದರೂ ಪಾಂಡೆರೋಸಾ ಪೈನ್ ಮರಗಳು. ಮನೆ ಬಿಡುವಾಗ 43 ಡಿಗ್ರಿ ಇತ್ತು. ಮೇಲೆ ಇಳಿದಾಗ ಸ್ವೆಟರ್ ಹುಡುಕಿದೆವು.

ಈ ‘ಪುಕ್ಕಟೆ’ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ನಾನೇ ತಪ್ಪು ತಿಳಿದಿದ್ದೆ. ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಫಾರೆಸ್ಟ್ ಇಲ್ಲಿಯ ಕೃಷಿ ಇಲಾಖೆಯ ಕೆಳಗೆ ಬರುತ್ತದೆ. ಅಲ್ಲಿ ಮರ ಕಡಿಯಲು, ದನ ಮೇಯಿಸಲು, ಬೇಟೆಯಾಡಲು ಪರವಾನಗಿ ಸಿಗುತ್ತದೆ. ನಿಷೇಧ ಇಲ್ಲದ ಕಡೆ ಶುಲ್ಕವಿಲ್ಲದೆ, ಸಾಮಾನ್ಯವಾಗಿ 14 ದಿನಗಳವರೆಗೆ, ಬೀಡು ಬಿಡಲೂಬಹುದು. ಇದಕ್ಕೆ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಎನ್ನುತ್ತಾರೆ. ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ಡಬ್ಬಿ ಇಲ್ಲ. ‘ಎಲ್ಲಿ ಬೇಕಾದರೂ’ ಎಂಬ ಮಾತು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಅದನ್ನು ಸೇರಿಸಿಕೊಂಡವರು ನಾವು.

ಶುಕ್ರವಾರ ಕಚೇರಿ ಮುಗಿಸಿ ಹೊರಟಿದ್ದು ಮೊದಲ ತಪ್ಪು. ರಿಮ್ ತಲುಪಿದಾಗ ರಾತ್ರಿ ಒಂಬತ್ತೂವರೆ. ದಾರಿಯ ಪಕ್ಕದ ಗುರುತು ಹಾಕಿದ ಜಾಗಗಳೆಲ್ಲ ಭರ್ತಿ. ಒಂದೊಂದರಲ್ಲೂ ಟ್ರೇಲರ್, ಅದರ ಮುಂದೆ ಬಣ್ಣದ ದೀಪದ ಸರ. ಮಕ್ಕಳು ನಿದ್ದೆಗೆ ಬಿದ್ದಿದ್ದರು. ಆಗ ಗೆಳೆಯ ಆ ಪಿನ್ ತೆಗೆದ. ‘ಕೆರೆಯ ದಡ, ಯಾರೂ ಇಲ್ಲ, ಉಚಿತ’ ಎಂದು ಬರೆದಿತ್ತು. ಜಲ್ಲಿರಸ್ತೆ ಬಿಟ್ಟು ಮಣ್ಣಿನ ದಾರಿ, ಅದನ್ನು ಬಿಟ್ಟು ಎರಡು ಗಾಲಿಗೆರೆಯಷ್ಟೇ ಕಾಣುವ ಇನ್ನೊಂದು ದಾರಿ. ಗೇಟ್ ಇರಲಿಲ್ಲ, ಬೋರ್ಡ್ ಇರಲಿಲ್ಲ, ಫೋನಿನ ಹೆಂಗಸು ಮಾತ್ರ ‘ಎಡಕ್ಕೆ ತಿರುಗಿ’ ಎಂದು ಧೈರ್ಯವಾಗಿ ಹೇಳುತ್ತಿದ್ದಳು. ಹನ್ನೊಂದರ ಹೊತ್ತಿಗೆ ಹೆಡ್‌ಲೈಟ್ ಬೆಳಕಿನಲ್ಲಿ ನೀರು ಮಿನುಗಿತು. ನಲವತ್ತು ಅಡಿ ದೂರದಲ್ಲಿ ಟೆಂಟ್ ಹೊಡೆದೆವು. ಗೆಳೆಯ ಇದ್ದಿಲು ಹೊತ್ತಿಸಿ ನಾಲ್ಕು ಮುಸುಕಿನ ಜೋಳ ಸುಟ್ಟ. ಅಂಥ ರುಚಿಯ ಜೋಳ ನಾನು ತಿಂದಿಲ್ಲ, ಅದನ್ನೂ ಹೇಳಬೇಕು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವರು ಅವ್ವ. ನಾನು ಹೊರಗೆ ಬಂದಾಗ ಅವರು ಸೊಂಟದ ಮೇಲೆ ಕೈಯಿಟ್ಟು ನೀರಿನ ಕಡೆ ನೋಡುತ್ತಿದ್ದರು. ‘ತಮ್ಮಾ, ಇದು ಕೆರೆಯಲ್ಲ, ದನ ನೀರು ಕುಡಿಯುವ ಕಟ್ಟೆ’ ಎಂದರು. ನೋಡಿದರೆ ಹೌದು. ಮೂರು ಕಡೆ ಬುಲ್ಡೋಜರಿನಿಂದ ಎಬ್ಬಿಸಿದ ಮಣ್ಣಿನ ಏರಿ, ನಡುವೆ ಹಾಲು ಹಾಕಿದ ಚಹಾದ ಬಣ್ಣದ ನೀರು, ಅಂಚಿನಲ್ಲಿ ಹಸಿರು ಪಾಚಿಯ ಕೆನೆ, ಸುತ್ತ ಗೊರಸಿನ ಗುರುತು. ನಮ್ಮ ಟೆಂಟಿನ ಹಗ್ಗದ ಪಕ್ಕದಲ್ಲೇ ಸೆಗಣಿ. ಏರಿಯ ಆಚೆ, ಮರಗಳ ನಡುವೆ, ಹತ್ತು ಹನ್ನೆರಡು ದನಗಳು ಕರುಗಳ ಸಮೇತ ನಿಂತಿದ್ದವು. ನಮ್ಮನ್ನು ನೋಡುತ್ತಿದ್ದವು, ಮುಂದೆ ಬರುತ್ತಿರಲಿಲ್ಲ. ‘ಗೋಮಾಳದಲ್ಲಿ ಮಲಗಿದ್ದೇವೆ, ಪಾಪ, ಅವು ಬಾಯಾರಿ ನಿಂತಿವೆ’ ಎಂದು ಅವ್ವ ನೊಂದುಕೊಂಡರು.

ಅವರು ನೊಂದುಕೊಂಡದ್ದೇ ಇಲ್ಲಿಯ ಕಾನೂನು ಕೂಡ. ಅರಿಝೋನಾದ ನಕ್ಷೆಗಳಲ್ಲಿ ‘ಟ್ಯಾಂಕ್’ ಎಂದು ಬರೆದಿದ್ದರೆ ಅದು ಇಂಥ ಕಟ್ಟೆ. ಹತ್ತಿರ ಬೇರೆ ನೀರಿಲ್ಲದ ಕಡೆ, ಕಾಡುಪ್ರಾಣಿಗಳಿಗೂ ದನಗಳಿಗೂ ನೀರು ತಪ್ಪುವ ಹಾಗೆ ನೀರಿನ ಗುಂಡಿಯ ಕಾಲು ಮೈಲಿಯೊಳಗೆ ಬೀಡು ಬಿಡುವುದು ಈ ರಾಜ್ಯದಲ್ಲಿ ಅಪರಾಧ. ಕಾಲು ಮೈಲಿ ಎಂದರೆ 1,320 ಅಡಿ. ನಾವಿದ್ದದ್ದು ನಲವತ್ತರಲ್ಲಿ. ನಿಜವಾದ ಕೆರೆ, ಹೊಳೆಗಳ ವಿಷಯದಲ್ಲೂ ಅರಣ್ಯದವರು ಸಾಮಾನ್ಯವಾಗಿ ಹೇಳುವುದು 200 ಅಡಿ ದೂರ ಇರಿ ಎಂದು. ದಡದಲ್ಲೇ ಟೆಂಟ್ ಇರುವ ಚೆಂದದ ಚಿತ್ರ ಕಂಡರೆ, ತೆಗೆದವನು ನಿಯಮ ಮುರಿದಿದ್ದಾನೆ ಎಂದೇ ನಾನು ಈಗ ಅಂದುಕೊಳ್ಳುವುದು.

ಹತ್ತು ಗಂಟೆಗೆ ಅರಣ್ಯದವರ ಹಸಿರು ಪಟ್ಟಿಯ ಪಿಕಪ್ ಒಂದು ಜಲ್ಲಿರಸ್ತೆಯ ಕಡೆಯಿಂದ ಬಂದು ದೂರದಲ್ಲೇ ನಿಂತಿತು. ಅಧಿಕಾರಿ ಅಲ್ಲಿಂದ ನಡೆದು ಬಂದ. ಅವನು ಕಾರನ್ನು ಅಲ್ಲೇ ಬಿಟ್ಟದ್ದೇಕೆ ಎಂಬುದು ಐದು ನಿಮಿಷದಲ್ಲಿ ತಿಳಿಯಿತು. ಸಭ್ಯ ಮನುಷ್ಯ, ದನಿ ಏರಿಸಲಿಲ್ಲ. ಮಡಿಚಿದ ಕಪ್ಪು ಬಿಳುಪು ನಕ್ಷೆಯೊಂದನ್ನು ನಮ್ಮ ಬಾನೆಟ್ ಮೇಲೆ ಬಿಡಿಸಿ, ನಾವು ಬಂದ ದಾರಿಯನ್ನು ತೋರಿಸಿ ಎಂದ. ನಾನು ಬೆರಳಿಟ್ಟು ಹುಡುಕಿದೆ. ಮಣ್ಣಿನ ದಾರಿಯವರೆಗೆ ಇತ್ತು. ಕೊನೆಯ ಗಾಲಿಗೆರೆಯ ದಾರಿ ಇರಲೇ ಇಲ್ಲ. ಫೋನಿನಲ್ಲಿ ಇದೆಯಲ್ಲ ಎಂದೆ. ನಿಮ್ಮ ಫೋನಿನಲ್ಲಿ ಇರಬಹುದು, ಇದರಲ್ಲಿ ಇಲ್ಲ ಎಂದ.

ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು. ಆ ಕಾಗದದ ಹೆಸರು ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್. ಪ್ರತಿ ಫಾರೆಸ್ಟಿಗೂ ಒಂದಿರುತ್ತದೆ, ರೇಂಜರ್ ಕಚೇರಿಯಲ್ಲೂ ಅಂತರ್ಜಾಲದಲ್ಲೂ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಇರುವ ದಾರಿಯಲ್ಲಿ ಮಾತ್ರ ನಮ್ಮ ನಿಮ್ಮ ವಾಹನ ಹೋಗಬಹುದು. ಇಲ್ಲದ ದಾರಿ, ಎದುರಿಗೆ ಎಷ್ಟೇ ಸ್ಪಷ್ಟವಾಗಿ ಕಂಡರೂ, ಗೇಟ್ ಬೋರ್ಡ್ ಏನೂ ಇಲ್ಲದಿದ್ದರೂ, ಮುಚ್ಚಿದ ದಾರಿಯೇ. ನಮ್ಮೂರಿನಲ್ಲಿ ಅಡ್ಡ ಬೇಲಿ ಇಲ್ಲದಿದ್ದರೆ ಹೋಗಬಹುದು ಎಂದು ಅರ್ಥ. ಇಲ್ಲಿ ಕಾಗದದಲ್ಲಿ ಗೆರೆ ಇದ್ದರೆ ಮಾತ್ರ ಹೋಗಬಹುದು ಎಂದು ಅರ್ಥ. ದಾರಿಯ ಎರಡೂ ಬದಿ ಕಾರು ಇಳಿಸಿ ಟೆಂಟ್ ಹೊಡೆಯಲು ಅನುಮತಿ ಇರುವ ಕಡೆ ಆ ಗೆರೆಯ ಪಕ್ಕದಲ್ಲಿ ಚುಕ್ಕಿಗಳಿರುತ್ತವೆ. ಎಷ್ಟು ದೂರ ಇಳಿಸಬಹುದು ಎಂಬುದು ಫಾರೆಸ್ಟಿನಿಂದ ಫಾರೆಸ್ಟಿಗೆ ಬೇರೆ, ಆ ನಕ್ಷೆಯಲ್ಲೇ ಬರೆದಿರುತ್ತದೆ.

ಆಮೇಲೆ ಅವನ ಕಣ್ಣು ಇದ್ದಿಲಿನ ಬೂದಿಯ ಮೇಲೆ ಬಿತ್ತು. ಆ ವಾರ ಅಲ್ಲಿ ಮೊದಲ ಹಂತದ ಬೆಂಕಿ ನಿರ್ಬಂಧ ಇತ್ತಂತೆ. ಎಂದರೆ ಇಂಥ ಬಯಲು ಕ್ಯಾಂಪುಗಳಲ್ಲಿ ಕಟ್ಟಿಗೆಯೂ ಇಲ್ಲ, ಇದ್ದಿಲೂ ಇಲ್ಲ. ಆರಿಸಲು ಬರುವ ಗ್ಯಾಸ್ ಒಲೆ ಮಾತ್ರ. ನಾಲ್ಕು ಜೋಳಕ್ಕೆ ಇಷ್ಟೇಕೆ ಎಂದು ನನಗೂ ಆ ಕ್ಷಣ ಅನಿಸಿತ್ತು. ಮನೆಗೆ ಬಂದ ಮೇಲೆ ಓದಿದೆ. 2002ರಲ್ಲಿ ಇದೇ ರಿಮ್ ಪ್ರದೇಶದಲ್ಲಿ ಎರಡು ಬೆಂಕಿಗಳು ಕೂಡಿ ಸುಮಾರು 4 ಲಕ್ಷ 68 ಸಾವಿರ ಎಕರೆ ಸುಟ್ಟವು. ಅದರಲ್ಲಿ ಒಂದು, ಕಾಡಿನಲ್ಲಿ ದಾರಿ ತಪ್ಪಿದವರೊಬ್ಬರು ಹೆಲಿಕಾಪ್ಟರಿಗೆ ಸನ್ನೆ ಮಾಡಲು ಹಚ್ಚಿದ್ದು. 2011ರ ವಾಲೋ ಬೆಂಕಿ ಇನ್ನೂ ದೊಡ್ಡದು, 5 ಲಕ್ಷ 38 ಸಾವಿರ ಎಕರೆ. ಅದು ಶುರುವಾದದ್ದು ಕ್ಯಾಂಪಿಂಗಿಗೆ ಬಂದವರು ಸರಿಯಾಗಿ ಆರಿಸದೆ ಬಿಟ್ಟ ಬೆಂಕಿಯಿಂದ. ಆ ಬೂದಿಯ ಮೇಲೆ ಅಂಗೈಯಿಟ್ಟು ಬಿಸಿ ಇದೆಯೇ ಎಂದು ಆ ಅಧಿಕಾರಿ ನೋಡಿದ್ದು ಈಗ ಬೇರೆಯೇ ರೀತಿ ನೆನಪಾಗುತ್ತದೆ.

ಬೆಂಕಿಗೂ ಕಟ್ಟೆಗೂ ಬಾಯಿ ಮಾತಿನ ಎಚ್ಚರಿಕೆ ಕೊಟ್ಟ. ಮುಚ್ಚಿದ ದಾರಿಯಲ್ಲಿ ಕಾರು ತಂದದ್ದಕ್ಕೆ ಇಬ್ಬರಿಗೂ ಒಂದೊಂದು ದಂಡದ ಚೀಟಿ. ಮಧ್ಯಾಹ್ನ ಮಳೆ ಬರುತ್ತದೆ, ಈಗಲೇ ಹೊರಡಿ ಎಂದ. ಹೊರಟಿದ್ದರೆ ಈ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಅವ್ವ ಗ್ಯಾಸ್ ಒಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಇಟ್ಟಾಗಿತ್ತು. ಆಕಾಶ ಗಾಜಿನ ಹಾಗೆ ತಿಳಿಯಾಗಿತ್ತು. ಊಟ ಮಾಡಿಯೇ ಹೋಗೋಣ ಎಂದವನು ನಾನೇ.

ಒಂದೂವರೆಗೆ ಮೋಡ ಕಟ್ಟಿತು, ಒಂದು ಮುಕ್ಕಾಲಿಗೆ ಸಿಡಿಲು. ಇಲ್ಲಿಯವರು ಇದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ, ಬಹುತೇಕ ಮಧ್ಯಾಹ್ನದ ಹೊತ್ತಿಗೇ. ಟೆಂಟ್ ಸಿಡಿಲಿಗೆ ರಕ್ಷಣೆಯಲ್ಲ ಎಂಬಷ್ಟು ಬುದ್ಧಿ ಇತ್ತು. ಎಲ್ಲರೂ ಕಾರು ಸೇರಿ ಗಾಜು ಏರಿಸಿದೆವು. ಗೋಲಿಯಷ್ಟು ದಪ್ಪದ ಆಲಿಕಲ್ಲು ಮಾಡಿನ ಮೇಲೆ ಬಡಿಯುತ್ತಿದ್ದರೆ ಗೆಳೆಯನ ಮಗಳು ಕಿವಿ ಮುಚ್ಚಿಕೊಂಡು ಅವ್ವನ ಸೆರಗಿನೊಳಗೆ ಸೇರಿದ್ದಳು. ಮಳೆ ಎರಡು ತಾಸು ಹೊಡೆದು ನಿಂತಿತು. ಟೆಂಟ್ ಮಡಿಚಿ ಕಾರು ಚಾಲೂ ಮಾಡಿದೆ. ಇಪ್ಪತ್ತು ಅಡಿ ಹೋಯಿತು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಪಕ್ಕಕ್ಕೆ ಮಾತ್ರ.

ನಾನು ಗದಗಿನ ಕಡೆಯವನು. ಎರೆಹೊಲದಲ್ಲಿ ಆಡಿ ಬೆಳೆದವನು. ಮಳೆ ಬಿದ್ದ ದಿನ ನಮ್ಮಪ್ಪ ಚಕ್ಕಡಿಯನ್ನು ಹೊಲಕ್ಕೆ ಇಳಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆ ತಿಳಿವಳಿಕೆಯೆಲ್ಲ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಕಾರು ಕೊಂಡ ದಿನ ಎಲ್ಲಿ ಹೋಯಿತೋ. ರಿಮ್ ಮೇಲಿನ ಜೇಡಿ ಕೆಂಚಗಿದೆ, ಆದರೆ ಗುಣದಲ್ಲಿ ನಮ್ಮ ಎರೆಯ ಅಣ್ಣ. ಟೈರಿನ ಹಲ್ಲುಗಳ ನಡುವೆ ಕಣಕದ ಹಾಗೆ ತುಂಬಿಕೊಂಡು ಗಾಲಿಯನ್ನು ಬೋಳು ಮಾಡಿಬಿಡುತ್ತದೆ. ಶಕ್ತಿ ಎಷ್ಟು ಗಾಲಿಗೆ ಹೋದರೇನು, ಎಲ್ಲ ಗಾಲಿಯೂ ಜಾರುವುದೇ. ಇಳಿದು ನೂಕಿದ ಗೆಳೆಯನ ಒಂದು ಬೂಟು ಅಲ್ಲೇ ಉಳಿಯಿತು.

ಸಿಗ್ನಲ್ ಇರಲಿಲ್ಲ. ಐದು ಗಂಟೆಗೆ ನಾನೂ ಗೆಳೆಯನೂ ಜಲ್ಲಿರಸ್ತೆಯ ಕಡೆ ನಡೆದೆವು, ಎರಡೂವರೆ ಮೈಲಿ. ಟ್ರೇಲರಿನಲ್ಲಿದ್ದ ವೃದ್ಧ ದಂಪತಿ ತಮ್ಮ ಉಪಗ್ರಹ ಇಂಟರ್ನೆಟ್‌ನಿಂದ ಫೋನ್ ಮಾಡಿಕೊಟ್ಟರು, ಕಾಫಿಯನ್ನೂ ಕೊಟ್ಟರು. ನಾವು ವರ್ಷವರ್ಷ ಹಣ ಕಟ್ಟುವ ರಸ್ತೆ ನೆರವಿನವರು ವಿಷಯ ಕೇಳಿ, ನಿರ್ವಹಣೆ ಇಲ್ಲದ ದಾರಿಗೆ ನಾವು ಬರುವುದಿಲ್ಲ, ಒಪ್ಪಂದದಲ್ಲಿದೆ ಎಂದರು. ಆಮೇಲೆ ತೆಗೆದು ನೋಡಿದೆ, ಇತ್ತು. ಕೊನೆಗೆ ಒಬ್ಬ ಖಾಸಗಿಯವನು ಭಾನುವಾರ ಬೆಳಿಗ್ಗೆ, ನೆಲ ಸ್ವಲ್ಪ ಬಿಗಿಯಾದ ಮೇಲೆ ಬರಲು ಒಪ್ಪಿದ. ಎರಡು ಕಾರಿಗೆ 850 ಡಾಲರ್, ಮುಂಗಡವಾಗಿ.

ಶನಿವಾರ ರಾತ್ರಿಯ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಏಳು ಜನರಿಗೆ ಮೂರು ಲೀಟರ್ ನೀರು ಉಳಿದಿತ್ತು. ಪಕ್ಕದಲ್ಲೇ ಕಟ್ಟೆ ತುಂಬ ನೀರು, ಕುದಿಸಿದರಾಯಿತು ಎಂದು ಗೆಳೆಯ ಹೊರಟ. ಆ ಹಸಿರು ಪಾಚಿಯಲ್ಲಿ ವಿಷವಿದ್ದರೆ ಕುದಿಸಿದರೂ ಅದು ಹೋಗುವುದಿಲ್ಲ ಎಂದು ಅವನ ಹೆಂಡತಿ ತಡೆದಳು. ಅವಳು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಪುಣ್ಯ. ಮಂಡಿ ನೋವಿನ ಅವ್ವನನ್ನು ಕೆಸರಿನಲ್ಲಿ ಟಾರ್ಚ್ ಹಿಡಿದು ಬಯಲಿಗೆ ಕರೆದೊಯ್ಯುವಾಗ ಅವರು ಒಂದೇ ಮಾತು ಕೇಳಿದರು: ‘ಇದಕ್ಕೆ ಅಮೆರಿಕಾದವರೆಗೆ ಬರಬೇಕಾಗಿತ್ತೇನು, ತಂಗೀ?’ ನನ್ನ ಹೆಂಡತಿ ನಗುತ್ತಲೇ ನನ್ನ ಕಡೆ ನೋಡಿದಳು. ಆ ನೋಟಕ್ಕಿಂತ ಚೀಟಿಯೇ ಹಗುರ.

ಚೀಟಿಯ ವಿಷಯ ವೀಸಾದಲ್ಲಿರುವವರು ಸ್ವಲ್ಪ ಗಮನಿಸಿ. ಅದು ನಗರದ ಪಾರ್ಕಿಂಗ್ ಚೀಟಿಯಂಥದ್ದಲ್ಲ. ಕೇಂದ್ರ ಸರ್ಕಾರದ ನೆಲದಲ್ಲಿ ಕೊಡುವ ವಯೊಲೇಷನ್ ನೋಟಿಸ್. ಹಣ ಹೋಗುವುದು ಸೆಂಟ್ರಲ್ ವಯೊಲೇಷನ್ಸ್ ಬ್ಯೂರೊಗೆ, ತಕರಾರಿದ್ದರೆ ಹೋಗಬೇಕಾದದ್ದು ಫೆಡರಲ್ ಮ್ಯಾಜಿಸ್ಟ್ರೇಟ್ ಮುಂದೆ. ಮೊತ್ತ ಹೇಳುವುದಿಲ್ಲ, ಪೇಸನ್‌ನಲ್ಲಿ ಎರಡು ರಾತ್ರಿ ಹೋಟೆಲಿಗೆ ಸಾಕಾಗುತ್ತಿತ್ತು. ಹಣಕ್ಕಿಂತ ದೊಡ್ಡದು ಇನ್ನೊಂದಿದೆ: ಗ್ರೀನ್ ಕಾರ್ಡ್ ಮತ್ತು ಪೌರತ್ವದ ಅರ್ಜಿಗಳಲ್ಲಿ ನಿಮ್ಮನ್ನು ಎಂದಾದರೂ ಬಂಧಿಸಿದ್ದುಂಟೇ, ನಿಮಗೆ ಚೀಟಿ ಕೊಟ್ಟದ್ದುಂಟೇ ಎಂಬ ಪ್ರಶ್ನೆ ಇರುತ್ತದೆ. ಇದರಿಂದ ಅರ್ಜಿ ಬೀಳುವುದಿಲ್ಲ, ಚೀಟಿಯನ್ನೂ ಹಣ ಕಟ್ಟಿದ ರಸೀದಿಯನ್ನೂ ಎಸೆಯಬೇಡಿ ಎಂದು ನನ್ನ ವಕೀಲರು ಹೇಳಿದರು. ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಮಗನ ಜನನ ಪತ್ರದ ಜೊತೆ ಈಗ ಅದೂ ಫೈಲಿನಲ್ಲಿ ಕೂತಿದೆ.

ಹಾಗೆಂದು ಹೋಗಲೇಬೇಡಿ ಎನ್ನುತ್ತಿಲ್ಲ. ಅಕ್ಟೋಬರಿನಲ್ಲಿ ನಾವೇ ಮತ್ತೆ ಹೋದೆವು. ಗುರುವಾರ ರೇಂಜರ್ ಕಚೇರಿಗೆ ಫೋನ್ ಮಾಡಿ ದಾರಿಯ ಸಂಖ್ಯೆ ಹೇಳಿ ಕೇಳಿದೆ. ಮಂಗಳವಾರದ ಮಳೆಗೆ ಅದು ಕೆಟ್ಟಿದೆ, ಬೇರೆಯದಕ್ಕೆ ಹೋಗಿ ಎಂದು ಆ ಹೆಣ್ಣುಮಗಳು ತಾನಾಗಿಯೇ ಎರಡು ಸಂಖ್ಯೆ ಬರೆಸಿದಳು. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡೆವು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಒಂದು ಸಲಿಕೆ, ಎಳೆಯುವ ಪಟ್ಟಿ. ಮಧ್ಯಾಹ್ನ ಮೂರರೊಳಗೆ ತಲುಪಿದೆವು, ಜಾಗ ಸಿಗದಿದ್ದರೆ ವುಡ್ಸ್ ಕ್ಯಾನ್ಯನ್ ಕೆರೆಯ ಪಕ್ಕದ ಶುಲ್ಕದ ಕ್ಯಾಂಪುಗಳಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು.

ಆ ಪಿನ್ ತೆಗೆಯಿರಿ ಎಂದು ನಕ್ಷೆಯ ಆ್ಯಪ್‌ನವರಿಗೆ ಎರಡು ಸಲ ಬರೆದೆ. ಇನ್ನೂ ಅಲ್ಲೇ ಇದೆ. ಚಿತ್ರವನ್ನು ಸೂರ್ಯ ಮುಳುಗುವಾಗ ತೆಗೆದಿದ್ದಾರೆ, ಕೆಂಪು ಆಕಾಶ ಬಿದ್ದು ನೀರು ಚೆಂದ ಕಾಣುತ್ತದೆ. ಬಲ ಮೂಲೆಯಲ್ಲಿ ಮುಳ್ಳುತಂತಿ ಸುತ್ತಿದ ಒಂದು ಮರದ ಕಂಬ, ಅದರ ಬುಡದಲ್ಲಿ ದನಗಳಿಗೆಂದು ಇಟ್ಟ ಬಿಳಿ ಉಪ್ಪಿನ ಗಡ್ಡೆ. ಅದು ಕಂಡರೆ ಅದೇ ಜಾಗ.