ಪೋವಿಸ್ ಕ್ಯಾಸಲ್ ಆರ್ಟಿಮೀಸಿಯ: ಚಳಿಗಿಂತ ನೀರಿಗೆ ಅಂಜುವ ಬೆಳ್ಳಿಗಿಡ

ಇಂಗ್ಲೆಂಡಿನ ಗಾರ್ಡನ್ ಸೆಂಟರುಗಳಲ್ಲಿ ಸಿಗುವ ಬೆಳ್ಳಿಯೆಲೆಯ ಬಹುವಾರ್ಷಿಕ ಗಿಡಗಳಲ್ಲಿ ಒಂದನ್ನಷ್ಟೇ ಕೊಳ್ಳುವುದಾದರೆ, 'ಪೋವಿಸ್ ಕ್ಯಾಸಲ್' ಎಂಬ ಆರ್ಟಿಮೀಸಿಯ ತಳಿಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಇದು ನಮ್ಮ ದವನ, ಮಾಚಿಪತ್ರೆಗಳ ಕುಲಕ್ಕೆ ಸೇರಿದ ಗಿಡ. ಎಲೆಯನ್ನು ಬೆರಳಲ್ಲಿ ಹೊಸಕಿದರೆ ಆ ನಂಟು ಮೂಗಿಗೇ ತಿಳಿಯುತ್ತದೆ, ಆದರೆ ದವನದ ಸಿಹಿ ಇದರಲ್ಲಿಲ್ಲ, ಕಹಿಯ ಘಾಟು ಹೆಚ್ಚು. ಟಿಪ್ಪು ಸುಲ್ತಾನನ ಡೇರೆ ಮತ್ತು ಅವನ ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲೊಂದು ಇರುವ ವೇಲ್ಸಿನ ಪೋವಿಸ್ ಕೋಟೆಯ ಹೆಸರೇ ಈ ತಳಿಗಿದೆ ಎಂಬುದು ಕನ್ನಡಿಗರಿಗೆ ಆಸಕ್ತಿಯ ಸಂಗತಿ.

ಗಿಡ ಸುಮಾರು 60 ಸೆಂ.ಮೀ. ಎತ್ತರಕ್ಕೆ, ಅದಕ್ಕಿಂತಲೂ ಹೆಚ್ಚು ಅಗಲಕ್ಕೆ ಗುಬುರಾಗಿ ಹರಡುತ್ತದೆ. ನವಿರಾಗಿ ಸೀಳಿದ ಎಲೆಗಳ ಮೇಲಿನ ಸಣ್ಣ ರೋಮಗಳೇ ಆ ಬೆಳ್ಳಿ ಬಣ್ಣಕ್ಕೆ ಕಾರಣ. ಅವು ಬಿಸಿಲನ್ನು ಪ್ರತಿಫಲಿಸಿ ಎಲೆಯ ತೇವ ಆರದಂತೆ ಕಾಯುವುದರಿಂದ, ಒಮ್ಮೆ ಬೇರೂರಿದ ಗಿಡ ಒಣ ಬೇಸಿಗೆಯನ್ನೂ ಬಾಡದೆ ಕಳೆಯುತ್ತದೆ. ಹೂ ಬಿಡುವುದು ಅಪರೂಪ, ಅದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ, ಏಕೆಂದರೆ ಕಡುಗೆಂಪು ಗುಲಾಬಿಯ ಬುಡದಲ್ಲಿ ಈ ಎಲೆಗಳಿದ್ದರೆ ಗುಲಾಬಿಯ ಬಣ್ಣವೇ ಇಮ್ಮಡಿಯಾಗಿ ಕಾಣುತ್ತದೆ.

ಕುಂಡದ ಚೀಟಿಯಲ್ಲಿ ಸಾಮಾನ್ಯವಾಗಿ ಚಳಿ ತಾಳುವ ಗಿಡವೆಂದಷ್ಟೇ ಬರೆದಿರುತ್ತದೆ, ಅದು ಅರ್ಧ ಮಾತು. ಹಿಮಕ್ಕಿಂತ ಇದಕ್ಕೆ ಹೆಚ್ಚು ಅಪಾಯ ಚಳಿಗಾಲವಿಡೀ ಬುಡದಲ್ಲಿ ನಿಲ್ಲುವ ನೀರಿನಿಂದ. ಜೇಡಿಮಣ್ಣಿನ ತೋಟವಾದರೆ ಗರಸು ಬೆರೆಸಿ, ಏರು ಮಾಡಿ, ದಿನವಿಡೀ ಬಿಸಿಲು ಬೀಳುವ ಕಡೆ ನೆಡಬೇಕು. ಗೊಬ್ಬರ ಬೇಡ, ಸಾರವಾದ ಮಣ್ಣಿನಲ್ಲಿ ಕೊಂಬೆಗಳು ಸೊರಗಿ ಉದ್ದವಾಗಿ, ನಡುವೆ ಬಾಯ್ಬಿಟ್ಟುಕೊಳ್ಳುತ್ತವೆ. ಶರತ್ಕಾಲದಲ್ಲಿ ಕತ್ತರಿ ಹಾಕಲೇಬಾರದು. ವಸಂತದಲ್ಲಿ ಹೊಸ ಚಿಗುರು ಕಂಡ ಮೇಲೆ, ಆ ಚಿಗುರಿನ ತುಸು ಮೇಲಕ್ಕೆ ಸವರಿದರೆ ಗಿಡ ಮತ್ತೆ ಒತ್ತಾಗಿ ಬೆಳೆಯುತ್ತದೆ.

ಕೆಲವು ವರ್ಷಗಳಲ್ಲಿ ಬುಡ ಕಟ್ಟಿಗೆಯಾಗಿ ಗಿಡ ಬೋಳಾಗುವುದು ನಿಜವಾದ ದೋಷವೇ. ಆದರೆ ಬೇಸಿಗೆಯಲ್ಲಿ ಎಳೆಯ ಕಡ್ಡಿಗಳನ್ನು ನೆಟ್ಟರೆ ಸುಲಭವಾಗಿ ಬೇರು ಬಿಡುವುದರಿಂದ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಕೊಳ್ಳುವವರು ದೊಡ್ಡ ಕುಂಡಕ್ಕೆ ಹೆಚ್ಚು ಬೆಲೆ ತೆರದೆ, ವಸಂತದಲ್ಲಿಯೇ 9 ಸೆಂ.ಮೀ. ಕುಂಡದ ಸಸಿಯನ್ನು ತರುವುದು ಮೇಲು. ಮಳೆಗಾಳಿಯ ಚಳಿಗಾಲ ಬರುವ ಮುನ್ನ ಅದಕ್ಕೆ ಬೇರೂರಲು ಪೂರ್ತಿ ಒಂದು ಬೇಸಿಗೆ ಸಿಗುತ್ತದೆ.