ಪುಸ್ತಕ ಕೊಳ್ಳುವ ಮುಂಚೆ ಯಾರ ಮಾತು ಕೇಳಬೇಕು? ನಾಲ್ಕು ದಾರಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ವೋಟು ಒಬ್ಬ ಅಪರಿಚಿತ ಓದುಗರಿಗೆ. ಅವರ ಮುಖ ನೋಡಿಲ್ಲ, ಅವರ ಜೊತೆ ಒಂದು ಮಾತೂ ಆಡಿಲ್ಲ. ಅವರು ಏನೇನು ಓದಿದ್ದಾರೆ, ಯಾವುದನ್ನು ಅರ್ಧಕ್ಕೆ ಬಿಟ್ಟಿದ್ದಾರೆ ಅನ್ನೋದಷ್ಟೇ ಗೊತ್ತು. ಸಾವಿರಾರು ಜನರ ಸ್ಟಾರ್ ನಂಬಿ ಒಂದು ಪುಸ್ತಕ ತರಿಸಿ ಕೈ ಸುಟ್ಟುಕೊಂಡ ಮೇಲೆ ಈ ದಾರಿ ಹಿಡಿದೆ. ಸುಮಾರು ಒಂದು ವರ್ಷ ಸ್ಟಾರ್ ರೇಟಿಂಗ್, ಪತ್ರಿಕೆಯ ವಿಮರ್ಶೆ, ಓದುಗರ ಗುಂಪು, ಮತ್ತೆ ಈ ಒಬ್ಬ ಓದುಗರು, ಹೀಗೆ ನಾಲ್ಕೂ ಕಡೆಯಿಂದ ಪುಸ್ತಕ ಆರಿಸಿ ಓದಿ ನೋಡಿದ್ದೇನೆ.

ಕೈ ಸುಟ್ಟ ಕತೆ ಮೊದಲು.

ನನಗೆ ಬೇಕಾಗಿದ್ದು ಹತ್ತೊಂಬತ್ತನೇ ಶತಮಾನದ ಒಂದು ದಪ್ಪ ರಷ್ಯನ್ ಕಾದಂಬರಿ, ಇಂಗ್ಲಿಷ್ ಅನುವಾದದಲ್ಲಿ. ಒಂದು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದೆ. ನಾಲ್ಕೂವರೆ ಸ್ಟಾರ್ ಇತ್ತು. ಮೇಲಿದ್ದ ನಾಲ್ಕೈದು ಅಭಿಪ್ರಾಯ ಓದಿದೆ. ಅನುವಾದ ನೀರು ಹರಿದ ಹಾಗಿದೆ ಅಂತ ಒಬ್ಬರು ಬರೆದಿದ್ದರು. ಕೊನೆಯಲ್ಲಿ ಕೊಟ್ಟಿರುವ ಟಿಪ್ಪಣಿಗಳಿಂದ ಆ ಕಾಲ ಚೆನ್ನಾಗಿ ಅರ್ಥವಾಯಿತು ಅಂತ ಇನ್ನೊಬ್ಬರು. ಇನ್ನೇನು ಬೇಕು ಅಂತ ಆರ್ಡರ್ ಮಾಡಿದೆ.

ಬಂದ ಪುಸ್ತಕದಲ್ಲಿ ಟಿಪ್ಪಣಿಯೇ ಇರಲಿಲ್ಲ. ಅನುವಾದಕರು ಯಾರು ಅಂತ ಹುಡುಕಿದೆ. ಮೊದಲ ಪುಟ, ಅದರ ಹಿಂಬದಿ, ಬೆನ್ನುಡಿ, ಎಲ್ಲೂ ಹೆಸರಿಲ್ಲ. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಬೈಂಡಿಂಗ್ ಕಡೆ ಜಾಗವೇ ಬಿಟ್ಟಿರಲಿಲ್ಲ. ಎಡಪುಟದ ಪ್ರತಿ ಸಾಲಿನ ಕೊನೆಯ ಪದ ಓದಲು ಎರಡೂ ಕೈಯಲ್ಲಿ ಪುಸ್ತಕವನ್ನು ಅಗಲಿಸಿ ಹಿಡಿಯಬೇಕಿತ್ತು. ಹತ್ತು ನಿಮಿಷಕ್ಕೆ ಹೆಬ್ಬೆರಳು ನೋಯುತ್ತಿತ್ತು.

ಅದನ್ನೂ ಸಹಿಸಿಕೊಂಡು ಓದುತ್ತಿದ್ದೆ. ಮೂವತ್ತನೇ ಪುಟದ ಹತ್ತಿರ ‘ಮೋಡೆಮ್’ ಅನ್ನೋ ಪದ ಬಂತು. ಕುದುರೆಗಾಡಿಯಲ್ಲಿ ಓಡಾಡುವ ಜನರ ಕತೆ ಅದು, ಅಲ್ಲಿ ಮೋಡೆಮ್ ಎಲ್ಲಿಂದ ಬರಬೇಕು? ಸಾಲನ್ನು ಮೂರು ಸಲ ಓದಿದ ಮೇಲೆ ಹೊಳೆಯಿತು. ಅದು ‘ಮಾಡರ್ನ್’. ಹಳೇ ಪುಸ್ತಕವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಓದಿಸಿದಾಗ ಇಂಗ್ಲಿಷಿನ ಆರ್ ಮತ್ತು ಎನ್ ಒಂದಕ್ಕೊಂದು ಅಂಟಿಕೊಂಡು ಎಮ್ ಆಗಿಬಿಡುತ್ತವೆ. ಯಾರಾದರೂ ಕೂತು ಕರಡು ತಿದ್ದಿದ್ದರೆ ಸಿಕ್ಕಿಬೀಳುವ ತಪ್ಪು. ಇಲ್ಲಿ ಯಾರೂ ತಿದ್ದಿರಲಿಲ್ಲ. ಮುಂದೆ ‘ಕಾರ್ನರ್’ ಇರಬೇಕಾದಲ್ಲಿ ‘ಕಮರ್’ ಬಂತು. ‘ಹಿ’ ಇರಬೇಕಾದಲ್ಲಿ ‘ಬಿ’ ಬಂತು. ಪೆನ್ಸಿಲ್ ಹಿಡಿದು ತಿದ್ದುತ್ತಾ ಹೋದೆ. ಎಂಬತ್ತನೇ ಪುಟಕ್ಕೆ ಸಾಕಾಗಿ ಮುಚ್ಚಿಟ್ಟೆ.

ಆಗಿದ್ದು ಇಷ್ಟು. ಲೇಖಕರು ತೀರಿಕೊಂಡು 60 ಅಥವಾ 70 ವರ್ಷ ಕಳೆದರೆ ಬಹಳಷ್ಟು ದೇಶಗಳಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅನುವಾದಕ್ಕೂ ಅದೇ ಲೆಕ್ಕ. ರಷ್ಯನ್ ಸಾಹಿತ್ಯದ ಸುಮಾರು 70 ಸಂಪುಟಗಳನ್ನು ಇಂಗ್ಲಿಷಿಗೆ ತಂದ ಕಾನ್‌ಸ್ಟನ್ಸ್ ಗಾರ್ನೆಟ್ ತೀರಿಕೊಂಡಿದ್ದು 1946ರಲ್ಲಿ. ಇಂಥ ಹಳೇ ಅನುವಾದಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಎಷ್ಟೋ ಜನ ಚೆನ್ನಾಗಿಯೇ ಹಾಕುತ್ತಾರೆ. ಆದರೆ ಆ ಅಂಗಡಿಯ ಪುಟದಲ್ಲಿ ಒಂದೇ ಹೆಸರಿನ ಎಲ್ಲ ಆವೃತ್ತಿಗಳನ್ನೂ ಒಂದೇ ಕಂತೆ ಕಟ್ಟಿ, ಎಲ್ಲದರ ಅಭಿಪ್ರಾಯವನ್ನೂ ಒಂದೇ ಕಡೆ ಸುರಿದಿದ್ದರು. ಬರೆದವರು ಯಾರೂ ಸುಳ್ಳು ಹೇಳಿರಲಿಲ್ಲ. ಅವರ ಕೈಲಿದ್ದ ಪುಸ್ತಕವೇ ಬೇರೆ, ನನಗೆ ಬಂದಿದ್ದೇ ಬೇರೆ.

ಈಗ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಪ್ರತಿ ಆವೃತ್ತಿಗೂ ಸಾಮಾನ್ಯವಾಗಿ ತನ್ನದೇ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ ಇರುತ್ತದೆ, ಈಗ 13 ಅಂಕಿಯದ್ದು. ಬೇಕಾದ ಅನುವಾದದ ಆ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಂಡು, ಆಮೇಲೆ ಅದನ್ನೇ ಹುಡುಕುತ್ತೇನೆ. ಸಂಖ್ಯೆ ತಾಳೆಯಾಗದಿದ್ದರೆ ಎಷ್ಟು ಸ್ಟಾರ್ ಇದ್ದರೂ ಕೊಳ್ಳುವುದಿಲ್ಲ.

ಸ್ಟಾರ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಓದುಗರು ಪುಸ್ತಕಗಳಿಗೆ ಸ್ಟಾರ್ ಕೊಡುವ ಗುಡ್‌ರೀಡ್ಸ್ ಜಾಲತಾಣದಲ್ಲಿ ಮೂರು ಸ್ಟಾರ್ ಅಂದರೆ ‘ಇಷ್ಟವಾಯಿತು’ ಅಂತ ಅರ್ಥ. ಎರಡು ಅಂದರೆ ‘ಪರವಾಗಿಲ್ಲ’. ಆದರೆ ನೋಡುವವರು ಮೂರು ಕಂಡರೆ ಪುಸ್ತಕ ಚೆನ್ನಾಗಿಲ್ಲ ಅಂದುಕೊಳ್ಳುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಅಂಥದ್ದೇ ಇನ್ನೊಂದು ತಾಣ ಸ್ಟೋರಿಗ್ರಾಫ್‌ನಲ್ಲಿ ಕಾಲು ಸ್ಟಾರ್ ಕೂಡ ಕೊಡಬಹುದು. ಅಳತೆಗೋಲೇ ಹೀಗೆ ಒಂದೊಂದು ಕಡೆ ಒಂದೊಂದು ಥರ. ಇನ್ನು 2023ರಲ್ಲಿ ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ಅವರ ಒಂದು ಕಾದಂಬರಿ ಅಚ್ಚಾಗುವ ಎಷ್ಟೋ ತಿಂಗಳ ಮುಂಚೆಯೇ ಅದಕ್ಕೆ ನೂರಾರು ಜನ ಒಂದೇ ಸ್ಟಾರ್ ಕೊಟ್ಟರು. ಕತೆ ನಡೆಯುವುದು ರಷ್ಯಾದಲ್ಲಿ, ಆಚೆ ಉಕ್ರೇನಿನಲ್ಲಿ ಯುದ್ಧ ನಡೆಯುತ್ತಿತ್ತು. ಆ ಕೋಪ ನನಗೆ ಅರ್ಥವಾಗುತ್ತದೆ. ಲೇಖಕಿಯೇ ಪ್ರಕಟಣೆ ನಿಲ್ಲಿಸಿದರು. ಆದರೆ ಆ ಸ್ಟಾರ್‌ಗಳಲ್ಲಿ ಓದಿದ ಅನುಭವ ಇರಲಿಲ್ಲ ಅಲ್ವಾ?

ನನ್ನ ಮನಸ್ಸು ಪೂರ್ತಿ ಬದಲಾಗಿದ್ದು ಒಂದು ಸಂಶೋಧನೆ ಓದಿದಾಗ. ಬಾಲಾಜ್ ಕೊವಾಚ್ ಮತ್ತು ಅಮಂಡಾ ಶಾರ್ಕಿ ಅನ್ನೋ ಇಬ್ಬರು 2014ರಲ್ಲಿ ಪ್ರಕಟಿಸಿದ್ದು. 64 ಪುಸ್ತಕಗಳ ಬಗ್ಗೆ ಓದುಗರು ಬರೆದ 38,817 ಅಭಿಪ್ರಾಯ ತೆಗೆದುಕೊಂಡು, ಪ್ರಶಸ್ತಿ ಗೆದ್ದ ಪುಸ್ತಕಗಳನ್ನೂ ಕೊನೆಯ ಸುತ್ತಿನವರೆಗೆ ಬಂದು ಸೋತ ಪುಸ್ತಕಗಳನ್ನೂ ಹೋಲಿಸಿದರು. ಪ್ರಶಸ್ತಿ ಬಂದ ಮೇಲೆ ಗೆದ್ದ ಪುಸ್ತಕದ ರೇಟಿಂಗ್ ಸೋತದ್ದಕ್ಕಿಂತ ಜಾಸ್ತಿ ಇಳಿದಿತ್ತು. ಕಾರಣದಲ್ಲಿ ಒಂದು ಇದು: ಪ್ರಶಸ್ತಿಯ ಹೆಸರು ಕೇಳಿ, ಆ ಥರದ ಪುಸ್ತಕ ಇಷ್ಟವೇ ಇಲ್ಲದವರೂ ತಗೊಂಡು ಓದುತ್ತಾರೆ. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ, ಓದಿದವರು ಬದಲಾದರು. ಹಾಗಾದರೆ ನಾನು ನೋಡಬೇಕಾಗಿದ್ದು ಓದಿದವರನ್ನೇ.

ಪತ್ರಿಕೆಯ ವಿಮರ್ಶೆಗಳನ್ನು ಪ್ರೀತಿಯಿಂದ ಓದುತ್ತೇನೆ, ಆದರೆ ಪುಸ್ತಕ ಓದಿ ಮುಗಿಸಿದ ಮೇಲೆ. ಮುಂಚೆ ಓದಿದರೆ ಅರ್ಧ ಕತೆ ಅಲ್ಲೇ ಗೊತ್ತಾಗಿಬಿಡುತ್ತದೆ. ಪುಸ್ತಕ ಎಲ್ಲಿ ಎಳೆಯುತ್ತದೆ, ಎಲ್ಲಿ ನಿದ್ದೆ ಬರಿಸುತ್ತದೆ ಅನ್ನೋದು ಮಾತ್ರ ಅಲ್ಲಿ ಸಿಗುವುದು ಅಪರೂಪ.

ಪುಸ್ತಕ ಪರಿಚಯಿಸುವ ವಿಡಿಯೋಗಳಲ್ಲಿ ರಕ್ಷಾಪುಟ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಓದುಗರ ಗುಂಪಿನಲ್ಲಿ ಆರು ತಿಂಗಳು ಇದ್ದೆ. ಅಲ್ಲಿನ ಮಾತುಕತೆ ಈಗಲೂ ನೆನಪಾಗುತ್ತದೆ. ಒಂದು ಆತ್ಮಕತೆಯನ್ನು ನಾನು ಬರೀ ಹೊಗಳಿಕೆ ಅಂತ ತಳ್ಳಿಹಾಕಿದ್ದೆ. ಗುಂಪಿನ ಹಿರಿಯರೊಬ್ಬರು, ಇದರಲ್ಲಿ ಅಣ್ಣನ ಹೆಸರು ಎಲ್ಲೂ ಬಂದಿಲ್ಲ ಗಮನಿಸಿದ್ರಾ, ಅಂತ ಕೇಳಿದರು. ಮನೆಗೆ ಬಂದು ಮತ್ತೆ ಓದಿದೆ. ಅವರು ಹೇಳಿದ್ದು ನಿಜ, ಪುಸ್ತಕವೇ ಬೇರೆ ಥರ ಕಂಡಿತು. ಆದರೆ ಪುಸ್ತಕ ಆರಿಸುವುದಕ್ಕೆ ಗುಂಪು ನನಗೆ ಒಗ್ಗಲಿಲ್ಲ. ಮೊದಲು ಮಾತಾಡಿದವರು ಚೆನ್ನಾಗಿದೆ ಅಂದರೆ ಉಳಿದವರು ಹೂಂಗುಡುತ್ತಾರೆ. ಎಲ್ಲರಿಗೂ ಒಪ್ಪಿಗೆಯಾಗುವ ಪುಸ್ತಕವೇ ಬೇಕಾದ್ದರಿಂದ ಆಯ್ಕೆ ಯಾವಾಗಲೂ ನಡುಮಧ್ಯದ್ದು.

ಈಗ ನನ್ನ ಓದುಗರ ವಿಷಯ. ಅವರನ್ನು ಹುಡುಕಿದ್ದು ಹೀಗೆ. ನಾನು ತುಂಬ ಮೆಚ್ಚಿದ, ಜಾಸ್ತಿ ಜನ ಓದದ ಮೂರು ಪುಸ್ತಕ ತೆಗೆದುಕೊಂಡೆ. ಎಲ್ಲರೂ ಹೊಗಳಿದ, ಆದರೆ ನನಗೆ ಹಿಡಿಸದ ಎರಡು ಪುಸ್ತಕ ತೆಗೆದುಕೊಂಡೆ. ಈ ಐದರ ಬಗ್ಗೆಯೂ ಬರೆದವರು ಯಾರಾದರೂ ಇದ್ದಾರಾ ಅಂತ ಮೂರು ಸಂಜೆ ಕೂತು ನೋಡಿದೆ. ಐದರ ಬಗ್ಗೆಯೂ ಬರೆದವರು ಸಿಗಲಿಲ್ಲ. ನಾಲ್ಕರ ಬಗ್ಗೆ ಬರೆದವರು ಒಬ್ಬರು ಸಿಕ್ಕರು. ನಾಲ್ಕರಲ್ಲೂ ನನಗೆ ಅನಿಸಿದ್ದನ್ನೇ ಬರೆದಿದ್ದರು.

ಅವರು ಬರೆಯುವುದು ಮೂರು, ನಾಲ್ಕು ಸಾಲು. ಅದ್ಭುತ, ಮನಮಿಡಿಯುವ ಅನ್ನೋ ಪದಗಳಿಲ್ಲ. ಒಂದು ಕಾದಂಬರಿಯನ್ನು 140ನೇ ಪುಟಕ್ಕೆ ಬಿಟ್ಟಿದ್ದರು. ಅಲ್ಲಿಂದ ಮುಂದೆ ಕತೆ ಪೂರ್ತಿ ಮಗ ಬರೆದ ಪತ್ರಗಳಲ್ಲಿ ಸಾಗುತ್ತದೆ, ತನಗೆ ಅದು ಆಗುವುದಿಲ್ಲ ಅಂತ ಕಾರಣ ಕೊಟ್ಟಿದ್ದರು. ನನಗೆ ಪತ್ರದ ರೂಪದ ಕತೆ ಅಂದರೆ ಪ್ರಾಣ. ಅವರು ಬಿಟ್ಟ ಪುಸ್ತಕವನ್ನು ಆ ಕಾರಣಕ್ಕೇ ಕೊಂಡೆ, ಎರಡು ರಾತ್ರಿಗೆ ಮುಗಿಸಿದೆ. ಕವಿತೆಯ ವಿಷಯಕ್ಕೆ ಮಾತ್ರ ಅವರ ಹತ್ತಿರ ಹೋಗುವುದಿಲ್ಲ, ಅವರು ಕವಿತೆ ಓದುವುದೇ ಇಲ್ಲ. ಕವನ ಸಂಕಲನವಾದರೆ ನಡುವೆ ಎಲ್ಲಾದರೂ ತೆರೆದು ಎರಡು ಕವಿತೆ ಓದಿದರೆ ಸಾಕು.

ನಾನು ಓದುವುದು ಮಲಗುವ ಮುಂಚೆ ಅರ್ಧ ಗಂಟೆ. ತಿಂಗಳಿಗೆ ಒಂದೇ ಪುಸ್ತಕಕ್ಕೆ ದುಡ್ಡು ತೆಗೆದಿಡುತ್ತೇನೆ. ಆ ಒಂದು ಕೈಕೊಟ್ಟರೆ ತಿಂಗಳೇ ಹೋಯಿತು. ಅದಕ್ಕೇ ಮೂರು ಸಂಜೆ ಹುಡುಕಾಟ ನನಗೆ ದುಬಾರಿ ಅನಿಸಲಿಲ್ಲ. ನೀವು ಲೈಬ್ರರಿಯಿಂದ ತಂದು ಓದುವವರಾದರೆ ಇಷ್ಟೆಲ್ಲ ಬೇಕಾಗಿಲ್ಲ, ಸುಮ್ನೆ ಸ್ಟಾರ್ ನೋಡಿ ತನ್ನಿ, ಹಿಡಿಸದಿದ್ದರೆ ವಾಪಸ್ ಕೊಡಿ.

ಆ ರಷ್ಯನ್ ಕಾದಂಬರಿಯ ಬಗ್ಗೆಯೂ ಅವರು ಬರೆದಿದ್ದರು, ಮೊದಲೇ ನೋಡಿದ್ದರೆ ಚೆನ್ನಾಗಿತ್ತು. ಅನುವಾದಕರ ಹೆಸರು ಹೇಳಿ, ಮೊದಲಲ್ಲಿ ಪಾತ್ರಗಳ ಪಟ್ಟಿ ಇರುವ ಆವೃತ್ತಿಯನ್ನೇ ತಗೊಳ್ಳಿ ಅಂದಿದ್ದರು. ರಷ್ಯನ್ ಕತೆಗಳಲ್ಲಿ ಒಬ್ಬನನ್ನೇ ಒಮ್ಮೆ ಮನೆಹೆಸರಿನಿಂದ, ಒಮ್ಮೆ ಅಪ್ಪನ ಹೆಸರು ಸೇರಿಸಿ, ಒಮ್ಮೆ ಮುದ್ದಿನ ಹೆಸರಿನಿಂದ ಕರೆಯುತ್ತಾರೆ. ಪಟ್ಟಿ ಇಲ್ಲದಿದ್ದರೆ ಮೂರು ಜನ ಅಂದುಕೊಂಡುಬಿಡುತ್ತೀರಿ ಅಂತ. ಐಎಸ್‌ಬಿಎನ್ ತಾಳೆ ನೋಡಿ ಅದೇ ಆವೃತ್ತಿ ತರಿಸಿದೆ. ಈಗ 212ನೇ ಪುಟದಲ್ಲಿದ್ದೇನೆ. ಒಂದು ಬುಕ್‌ಮಾರ್ಕ್ ಅಲ್ಲಿ, ಇನ್ನೊಂದು ಪಾತ್ರಗಳ ಪಟ್ಟಿಯಲ್ಲಿ.