ಹಸಿರು ಡಬ್ಬಿಯ ಜೊತೆ 9 ವರ್ಷ: ಐಬನೀಜ್ ಟಿಎಸ್9 ಟ್ಯೂಬ್ ಸ್ಕ್ರೀಮರ್

ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಗಿಟಾರಿನ ದನಿ ನನ್ನ ಗಿಟಾರಿನಲ್ಲೂ ಬರಬೇಕು. ಆ ಒಂದೇ ಆಸೆಗೆ 9 ವರ್ಷದ ಹಿಂದೆ ಈ ಪೆಡಲ್ ಕೊಂಡೆ. ಗಿಟಾರಿಗೂ ಆಂಪ್‌ಗೂ (ದನಿ ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ನಡುವೆ ಸಿಕ್ಕಿಸಿ, ಕಾಲಲ್ಲಿ ತುಳಿದು ದನಿಯನ್ನು ಒರಟು ಮಾಡುವ ಡಬ್ಬಿ ಇದು. ಸೆಕೆಂಡ್ ಹ್ಯಾಂಡ್, 7,500 ರೂಪಾಯಿ. ಮನೆಗೆ ತಂದು ಸಣ್ಣ ಪ್ರಾಕ್ಟೀಸ್ ಆಂಪ್‌ಗೆ ಸಿಕ್ಕಿಸಿ, ದನಿಯ ಒರಟುತನ ಹೆಚ್ಚಿಸುವ ಡ್ರೈವ್ ನಾಬನ್ನು ಕೊನೆತನಕ ತಿರುಗಿಸಿ ಒಂದು ಕಾರ್ಡ್ ಬಾರಿಸಿದೆ. ನೆಗಡಿಯಾದವರು ಮಾತಾಡಿದ ಹಾಗಿತ್ತು! ಬೇಸ್, ಅಂದರೆ ತಗ್ಗಿನ ದನಿ, ಮಾಯ. ದುಡ್ಡು ಹಾಳಾಯ್ತು ಅಂತ ಸುಮಾರು ಒಂದು ವರ್ಷ ಬೀರುವಿನ ಮೇಲಿಟ್ಟಿದ್ದೆ.

ತಪ್ಪು ಪೆಡಲ್‌ದಲ್ಲ, ನನ್ನದು. ಹೆಸರಿನಲ್ಲಿ ಟ್ಯೂಬ್ ಇದ್ದರೂ ಒಳಗೆ ಟ್ಯೂಬ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್) ಇಲ್ಲ. ಇರುವುದು ಒಂದು ಪುಟ್ಟ ಚಿಪ್, ಎರಡು ಡಯೋಡ್, ಜೊತೆಗೆ ಒಂದಿಷ್ಟು ಚಿಲ್ಲರೆ ಸಾಮಾನು. ಚಿಪ್ ಸಿಗ್ನಲನ್ನು ಹಿಗ್ಗಿಸುತ್ತದೆ, ಡಯೋಡ್‌ಗಳು ಅದರ ತುದಿಗಳನ್ನು ಚಪ್ಪಟೆ ಮಾಡುತ್ತವೆ. ಆದರೆ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ದನಿಗೆ ಅಷ್ಟು ಬಲ ಸಿಗುವುದಿಲ್ಲ. ತೀರಾ ಮೇಲಿನದ್ದನ್ನು ಟೋನ್ ಭಾಗ ಸೋಸಿಬಿಡುತ್ತದೆ. ಉಳಿಯುವುದು ನಡುವಿನ ದನಿ. ಆ ಮೂಗಿನ ರಾಗ ಹುಟ್ಟುವುದು ಅಲ್ಲೇ.

ಸ್ಟೀವಿ ಮಾಡುತ್ತಿದ್ದದ್ದು ನಾನು ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಡ್ರೈವ್ ಕಮ್ಮಿ, ಲೆವೆಲ್ (ಪೆಡಲ್‌ನಿಂದ ಹೊರಬರುವ ದನಿಯ ಜೋರು) ಜಾಸ್ತಿ. ಅವನ ಫೆಂಡರ್ ಕಂಪನಿಯ ಟ್ಯೂಬ್ ಆಂಪ್‌ಗಳು ಆಗಲೇ ಜೋರಾಗಿ ಕೂಗುತ್ತಿದ್ದವು. ಪೆಡಲ್ ಹಿಂದಿನಿಂದ ಒಂದು ತಳ್ಳು ಕೊಡುತ್ತಿತ್ತು, ಅಷ್ಟೇ. ಮೊದಮೊದಲು ಇದೇ ಪೆಡಲಿನ ಹಳೇ ಮಾದರಿ ಟಿಎಸ್808 ಇತ್ತು, ಆಮೇಲೆ ಟಿಎಸ್9, ಕೊನೆಯ ವರ್ಷಗಳಲ್ಲಿ ಟಿಎಸ್10. 1983ರಲ್ಲಿ ಬಂದ ಅವನ ಮೊದಲ ಆಲ್ಬಂ ಹಿಂದಿನ ವರ್ಷದ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಒಂದು ಸ್ಟುಡಿಯೋದಲ್ಲಿ ಬರೀ ಎರಡು ಮೂರು ದಿನದಲ್ಲಿ ರೆಕಾರ್ಡ್ ಆಗಿದ್ದು. ಅಂಥವನಿಗೆ ನಾಬ್ ತಿರುಗಿಸುತ್ತಾ ಕೂರಲು ಪುರುಸೊತ್ತು ಎಲ್ಲಿತ್ತು!

ಇನ್ನು ಅವನ ತಂತಿಗಳು. 13 ಗೇಜ್, ಅಂದರೆ ತೀರಾ ತೆಳು ತಂತಿಯೇ ಇಂಚಿನ ಸಾವಿರದಲ್ಲಿ 13 ಭಾಗ ದಪ್ಪ. ಸಾಮಾನ್ಯವಾಗಿ ನಾವು ಹಾಕುವುದು 9 ಅಥವಾ 10. ಗಿಟಾರನ್ನು ಅರ್ಧ ಸ್ವರ ಕೆಳಗೆ ಇಳಿಸಿಕೊಂಡರೂ ಆ ದಪ್ಪ ತಂತಿ ಎಳೆಯಲು ಪೈಲ್ವಾನನ ಕೈ ಬೇಕು. ನಾನೂ ಒಂದು ಸಲ 13 ಹಾಕಿಸಿದೆ. ನಾಲ್ಕನೇ ದಿನಕ್ಕೆ ಬೆರಳಲ್ಲಿ ಬೊಬ್ಬೆ, ಅನ್ನ ಕಲಸೋದೂ ಕಷ್ಟ. ಸುಮ್ನೆ 10ಕ್ಕೆ ವಾಪಸ್ ಬಂದೆ.

ಪೆಡಲ್ ಬೀರುವಿನಿಂದ ಇಳಿದದ್ದು ಗೆಳೆಯರ ಬ್ಯಾಂಡ್ ಸೇರಿದ ಮೇಲೆ. ಪ್ರಾಕ್ಟೀಸ್ ರೂಮಿನಲ್ಲಿ ಒಂದು ಹಳೇ ಟ್ಯೂಬ್ ಆಂಪ್ ಇತ್ತು. ಡ್ರಮ್ಸ್, ಬೇಸ್, ಕೀಬೋರ್ಡ್ ಎಲ್ಲಾ ಶುರುವಾದರೆ ನನ್ನ ಗಿಟಾರ್ ಇದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ. ಟಿಎಸ್9 ತುಳಿದೆ. ತಕ್ಷಣ ಗಿಟಾರ್ ಎದ್ದು ನಿಂತಿತು. ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಊರಿನ ಹೆಸರು ಕೂಗುವ ಕಂಡಕ್ಟರ್ ದನಿ ಹೇಗೆ ಕಿವಿಗೆ ಬಂದು ಬೀಳುತ್ತದೆ? ಅವರದೂ ಮೂಗಿನ ದನಿಯೇ ಅಲ್ವಾ! ಮನೆಯಲ್ಲಿ ಒಬ್ಬನೇ ಕೂತಾಗ ಕೊರತೆ ಅನ್ನಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಬೇಸ್ ಕಮ್ಮಿಯಾದದ್ದೂ ಒಳ್ಳೆಯದೇ ಆಯಿತು, ಬೇಸ್ ಗಿಟಾರಿನವನ ಜಾಗಕ್ಕೆ ನಾನು ಕಾಲಿಡುವುದು ತಪ್ಪಿತು. ಹೆವಿ ಮೆಟಲ್ ಸಂಗೀತ ನುಡಿಸುವವರೂ ಇದೇ ಕಾರಣಕ್ಕೆ ಇದನ್ನು ಇಟ್ಟುಕೊಳ್ಳುತ್ತಾರೆ.

808 ತಗೊಳ್ಳಲಾ, 9 ತಗೊಳ್ಳಲಾ ಅಂತ ತುಂಬಾ ಜನ ಕೇಳುತ್ತಾರೆ. ಎರಡರ ಸರ್ಕ್ಯೂಟಿನಲ್ಲಿ ಮುಖ್ಯ ವ್ಯತ್ಯಾಸ ಔಟ್‌ಪುಟ್ ಕಡೆಯ ಎರಡು ರೆಸಿಸ್ಟರ್. 808ರಲ್ಲಿ 100 ಓಮ್ ಮತ್ತು 10 ಕಿಲೋ ಓಮ್, 9ರಲ್ಲಿ 470 ಓಮ್ ಮತ್ತು 100 ಕಿಲೋ ಓಮ್. 9 ಒಂಚೂರು ಚುರುಕು ಅನ್ನುತ್ತಾರೆ. ಕಣ್ಣು ಮುಚ್ಚಿ ಕೇಳಿಸಿದರೆ ನಾನಂತೂ ಹೇಳಲಾರೆ. ಹಳೇ 808ಕ್ಕೆ ಕೇಳುವ ಬೆಲೆಗೆ ಒಂದು ಒಳ್ಳೆಯ ಆಂಪ್ ಬರುತ್ತದೆ. ನನ್ನನ್ನು ಕೇಳಿದರೆ ಆಂಪ್ ತಗೊಳ್ಳಿ.

ಬಾಳಿಕೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎರಡು ಸಲ ಕೈಜಾರಿ ಬಿದ್ದಿದೆ. ಒಂದು ಕಡೆ ಬಣ್ಣ ಹಾರಿದೆ, ಕೆಲಸ ನಿಂತಿಲ್ಲ. ತಲೆ ತಿಂದದ್ದು ಅಡಾಪ್ಟರ್. ಅಗ್ಗಕ್ಕೆ ಸಿಕ್ಕಿತು ಅಂತ ಹೆಸರಿಲ್ಲದ ಒಂದನ್ನು ತಂದಿದ್ದೆ. ಆನ್ ಮಾಡಿದರೆ ಗುಂಯ್ ಅನ್ನುವ ಸದ್ದು. ಪೆಡಲ್ ಕೆಟ್ಟಿದೆ ಅಂತ ರಿಪೇರಿಗೆ ಕೊಡಲು ಹೊರಟಿದ್ದೆ. 9 ವೋಲ್ಟ್ ಬ್ಯಾಟರಿ ಹಾಕಿ ನೋಡಿದೆ, ಸದ್ದು ಮಾಯ. ಬೇರೆ ಅಡಾಪ್ಟರ್ ತರುವಾಗ ಪಿನ್ನಿನ ನಡುಭಾಗ ನೆಗೆಟಿವ್ ಇದೆಯಾ ಅಂತಲೂ ನೋಡಿಕೊಳ್ಳಿ, ಎಲ್ಲಾ ಅಡಾಪ್ಟರ್ ಹಾಗಿರುವುದಿಲ್ಲ.

ಈಗ ನನ್ನದರಲ್ಲಿ ಡ್ರೈವ್ ಗಡಿಯಾರದ 9 ಗಂಟೆಯಲ್ಲಿ, ಟೋನ್ 12ರಲ್ಲಿ, ಲೆವೆಲ್ 3 ಗಂಟೆಯಲ್ಲಿ. ಹೋದ ವರ್ಷದಿಂದ ಅದನ್ನು ಮುಟ್ಟಿಲ್ಲ. ಮನೆಯಲ್ಲಿ ಬರೀ ಸಣ್ಣ ಆಂಪ್ ಇಟ್ಟುಕೊಂಡು ಒಬ್ಬರೇ ನುಡಿಸುವವರು ಕೊಳ್ಳುವ ಮುಂಚೆ ಒಂದು ಸಲ ಯಾರಾದರೂ ಡ್ರಮ್ಮರ್ ಪಕ್ಕ ಕೂತು ನುಡಿಸಿ ನೋಡಿ.